ಕೋವಿಯೂ ಎಣ್ಣೆಯೂ

ಅಳಿಯ: ಮಾವ, ಚುನಾವಣೆಯ ನಿಮಿತ್ತ ಠಾಣೆಗೆ ಒಪ್ಪಿಸಿದ್ದ ತಂದೆಯವರ ಜೋಡುನಳಿಗೆ ಕೋವಿ ಅಂತೂ ಮನೆಗೆ ಬಂದಿತು. ಗದ್ದೆಯ ಅಂಚಿಗೆ ಹಂದಿಗಳು ಇಳಿದಿವೆಯೆಂದು ಆಳುಗಳು ಕೂಗಿಕೊಂಡಾಗ, ಬೆದರಿಸಿ ಓಡಿಸುವುದಕ್ಕೆಂದು ಆಕಾಶದ ಕಡೆ ಹಿಡಿದು ಈಡು ಹೊಡೆದರೆ ಎಡನಳಿಗೆ ಹಾರಿತು. ಬಲನಳಿಗೆ ಟಿಕ್ಕೆಂದು ಸುಮ್ಮನಾಯಿತು. ಎಣ್ಣೆಯ ಅಭಾವದಿಂದ ಹೀಗಾಯಿತೆಂದು ಹೇಳುವಂತೆಯೂ ಇಲ್ಲ. ಚೀಲದಿಂದ ಹೊರಕ್ಕೆ ತೆಗೆದರೆ ಎರಡು ಕೈಗೂ ಎಣ್ಣೆ ಮೆತ್ತಿಕೊಳ್ಳುತ್ತದೆ.

ಮಾವ: ಎಣ್ಣೆಯ ಮಾತು ಆಮೇಲೆ. ಹಾರದೆ ಉಳಿದ ತೋಟಾವನ್ನು ಏನು ಮಾಡಿದೆ?

ಅಳಿಯ: ನಳಿಗೆಯನ್ನು ಮೇಲಕ್ಕೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಅನಂತರ ಮಡಚಿ ತೆಗೆದೆ. ಇಗೋ, ತಂದಿದ್ದೇನೆ.

ಮಾವ: ಒಳ್ಳೆಯದಾಯಿತು. ಕೇಪಿಗೆ ಏಟು ಬಿದ್ದ ಮೇಲೆ ಒಂದು ಕ್ಷಣ ತಡೆದು ಹೊತ್ತಿಕೊಳ್ಳುವ ತೋಟಾಗಳೂ ಉಂಟು. ಆತುರಪಟ್ಟು ಮಡಚಿದವನ ಮುಖದ ಮುಂದೆಯೇ ಅಂಥದು ಸಿಡಿದರೆ ಅವನಿಗೆ ಕೋವಿಯ ಆರೈಕೆಯ ವಿಚಾರವನ್ನು ತಿಳಿಯಹೇಳಿ ಪ್ರಯೋಜನವಿಲ್ಲ. ಕೊಡು ಇಲ್ಲಿ. ಖಾಲಿಯೆಂದು ಯಾರೇ ಹೇಳಿ ಕೊಟ್ಟರೂ, ಮೊದಲು ಮಡಚಿ, ಎರಡು ನಳಿಗೆಗಳ ಒಳಗೂ ಕಣ್ಣು ಹಾಯಿಸಿ, ಆ ಕೊನೆಯ ಬೆಳಕು ಕಂಡ ಮೇಲೆಯೇ ಚಿಂದಿಗೆ ಕೈಹಾಕುವುದೆಂಬ ಪದ್ಧತಿಯನ್ನು ಸೈನ್ಯದ ವರ್ಕ್‌ಷಾಪಿನಲ್ಲಿದ್ದಷ್ಟು ಕಾಲವೂ ನಾನು ಬಿಟ್ಟವನಲ್ಲ. ನಮ್ಮ ಮಲೆನಾಡಿನಲ್ಲಿ ಆ ಪದ್ಧತಿಗೆ ಇನ್ನೊಂದು ಕಾರಣವೂ ಸೇರುತ್ತದೆ: ಗೋಡೆಯ ಗೂಟಕ್ಕೆ ತೂಗುಹಾಕಿದ ಕೋವಿಯ ಬಾಯೊಳಗೆ ಕಣಜಗಳು ಮಣ್ಣಿನ ಗೂಡು ಕಟ್ಟಿಬಿಡುತ್ತವೆ, ಅದನ್ನು ಗಮನಿಸದೆ ಈಡು ಹೊಡೆದರೆ ಹಿಂದಿನಿಂದ ನುಗ್ಗಿಬಂದ ಒತ್ತಡಕ್ಕೆ ದಾರಿ ಸಾಲದೆ ನಳಿಗೆಯೇ ಸೀಳಿಹೋಗುತ್ತದೆ. ಇದರಲ್ಲಿ ಗೂಡಿಲ್ಲ. ಇನ್ನು ನಿನ್ನ ತೋಟಾವನ್ನು ನೋಡೋಣ. ಕೇಪಿನ ನಡುವೆ ಗುಂಡುಸೂಜಿಯ ಮೊನೆ ತಾಗಿದಷ್ಟು ಗುಳಿ ಮಾತ್ರ ಬಿದ್ದಿದೆ. ಹಾರಿದ ಆ ಇನ್ನೊಂದು ತೋಟಾದ್ದು ಇದಕ್ಕಿಂತ ಎಷ್ಟು ಆಳವಾಗಿದೆ ನೋಡು. ತೋಟಾ ಕೆಟ್ಟದ್ದಲ್ಲ, ಸ್ಪ್ರಿಂಗೂ ಸೋತಿರಲಾರದು. ಕೇಪನ್ನು ಹೊಡೆಯಬೇಕಾದ ಪಿನ್ನು ಎಲ್ಲಿಯೋ ಅಂಟಿಕೊಂಡು ತಡವರಿಸಿದೆ. ಕೋವಿ ಮಡಚಿದಾಗ ಕಾಣುವ ಈ ಮುಖದಲ್ಲಿ ಎರಡೆರಡು ತೂತುಗಳಿರುವ ಸಣ್ಣ ಬಿಲ್ಲೆಗಳಿವೆಯಲ್ಲ, ಅವಕ್ಕೆ ತಕ್ಕ ಚಾವಿಯಿಂದ ಬಿಲ್ಲೆಯನ್ನು ತಿರುಗಿಸಿದರೆ ಪಿನ್ನು ಹೊರಕ್ಕೆ ಬರುತ್ತದೆ. ಬಂದಿತು. ಬೆರಳಿಗೆ ಹಚ್ಚಿಕೊಂಡು ನೋಡು.

ಅಳಿಯ: ಕಂದುಬಣ್ಣದ ಅಂಟು. ಹಲಸಿನ ಮೇಣದ ಹಾಗಿದೆ.

ಮಾವ: ಅದು ಒಂದಾನೊಂದು ಕಾಲದಲ್ಲಿ ತೆಂಗಿನೆಣ್ಣೆಯೋ ಹರಳೆಣ್ಣೆಯೋ ಆಗಿದ್ದಿರಬೇಕು. ಭಾವನವರು ಆಯುಧಪೂಜೆಯ ದಿವಸ ಕೋವಿಗೆ ಎಣ್ಣೆ ಹಾಕುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಎಲ್ಲಿ ಎಲ್ಲಿ ಸಂದು ಕಾಣುತ್ತದೆಯೋ ಅಲ್ಲೆಲ್ಲ ಧಾರೆಯಾಗಿ ಬಿಡುತ್ತಿದ್ದರು. ವಸ್ತುವಿನ ಮೇಲೆ ಅವರಿಗಿದ್ದ ಪ್ರೀತಿಯ ವಿಷಯದಲ್ಲಿ ಸಂಶಯವಿಲ್ಲ. ಆದರೆ ಯಂತ್ರವು ಎಣ್ಣೆಯನ್ನು ಸ್ವೀಕರಿಸುವಾಗ ಅದನ್ನು ಹಾಕಿದವನ ಅಂತಃಕರಣವನ್ನು ವಿಚಾರಿಸುವುದಿಲ್ಲ.

ಅಳಿಯ: ಎಣ್ಣೆ ಹೆಚ್ಚಾದರೆ ಯಂತ್ರ ಇನ್ನಷ್ಟು ಸಲೀಸಾಗಿ ಓಡಬೇಕಲ್ಲವೆ? ನಮ್ಮ ಜೀಪಿನ ಎಂಜಿನ್ನು ಎಣ್ಣೆಯಲ್ಲಿಯೇ ಮುಳುಗಿಕೊಂಡು ವರ್ಷಗಟ್ಟಲೆ ದುಡಿಯುತ್ತಿದೆ.

ಮಾವ: ಎಂಜಿನ್ನಿನ ಎಣ್ಣೆ ಮುಚ್ಚಿದ ಪೆಟ್ಟಿಗೆಯೊಳಗೆ ತಿರುಗುತ್ತ, ತಿರುಗುವಾಗಲೆಲ್ಲ ಜರಡಿಯಲ್ಲಿ ಶೋಧನೆಗೊಳ್ಳುತ್ತ, ಇಷ್ಟು ಮೈಲಿ ಓಡಿದ ಮೇಲೆ ಸಂಪೂರ್ಣವಾಗಿ ಬದಲಾಗುತ್ತದೆ, ಕೋವಿಯಲ್ಲಿ ಆ ಮೂರರಲ್ಲಿ ಒಂದೂ ಇಲ್ಲ. ಇಲ್ಲಿ ಹಾಕಿದ ಎಣ್ಣೆ ಹಾಕಿದಲ್ಲಿಯೇ ಉಳಿಯಬೇಕು. ಉಳಿಯದಿದ್ದರೆ ಬೇಡದಲ್ಲಿಗೆ ಹರಿಯುತ್ತದೆ. ಉಳಿದರೆ, ಗಾಳಿಯೊಳಗಿನ ಧೂಳನ್ನೂ ಈಡಿನ ಮಸಿಯನ್ನೂ ತನ್ನ ಮೈಗೆ ಅಂಟಿಸಿಕೊಂಡು, ಯಾವ ಎರಡು ಲೋಹಗಳ ನಡುವೆ ಘರ್ಷಣೆಯನ್ನು ಕಡಿಮೆ ಮಾಡಲೆಂದು ಅದನ್ನು ಇರಿಸಿದೆವೋ ಅದೇ ಲೋಹಗಳನ್ನು ಅರೆಯುವ ಗಂಧಕ್ಕೆ ಸಮಾನವಾಗುತ್ತದೆ. ಇನ್ನೊಂದು ವಿಚಾರವನ್ನು ಇದಕ್ಕಿಂತಲೂ ಮುಖ್ಯವೆಂದು ನಾನು ಭಾವಿಸುತ್ತೇನೆ. ಜನರು ಒಂದೇ ಸೀಸೆಯನ್ನು ಕೈಯಲ್ಲಿ ಹಿಡಿದು ಕೊಳೆ ತೆಗೆಯುವುದು, ತೇವ ಆರಿಸುವುದು, ತುಕ್ಕು ತಡೆಯುವುದು, ಜಾರುವ ಭಾಗಗಳನ್ನು ನಯಗೊಳಿಸುವುದು ಎಂಬ ನಾಲ್ಕು ಭಿನ್ನ ಕಾರ್ಯಗಳನ್ನು ಒಂದೇ ಕಾರ್ಯವೆಂದು ಎಣಿಸಿ ಮಾಡಿಬಿಡುತ್ತಾರೆ. ವರ್ಷದ ಬಹುಪಾಲು ದಿನಗಳನ್ನು ಮೂಲೆಯಲ್ಲಿ ನಿಂತೇ ಕಳೆಯುವ ನಮ್ಮ ತೋಟದ ಕೋವಿಗೆ ಬೇಕಾದುದು ಮುಖ್ಯವಾಗಿ ಮೂರನೆಯದು. ಅದಕ್ಕೆ ದೊರೆಯುವುದು ನಾಲ್ಕನೆಯದು, ಅದೂ ತಪ್ಪು ಜಾಗದಲ್ಲಿ.

ಅಳಿಯ: ತುಕ್ಕು ತಡೆಯುವ ಎಣ್ಣೆ ಬೇರೆ, ನಯಗೊಳಿಸುವ ಎಣ್ಣೆ ಬೇರೆ ಎನ್ನುತ್ತೀರಾ?

ಮಾವ: ಒಂದೇ ಎಣ್ಣೆ ಎರಡನ್ನೂ ಸ್ವಲ್ಪಮಟ್ಟಿಗೆ ಮಾಡಬಲ್ಲುದು, ಎರಡನ್ನೂ ಚೆನ್ನಾಗಿ ಮಾಡುವುದು ಅಪರೂಪ. ಕಬ್ಬಿಣ, ನೀರು, ಗಾಳಿ ಈ ಮೂರು ಕೂಡಿದರೆ ತುಕ್ಕು; ನಡುವೆ ಉಪ್ಪು ಬಂದರೆ ಅದರ ವೇಗ ಹಲವು ಮಡಿ. ನಮ್ಮಲ್ಲಿ ಆರಿದ್ರೆ ಹಿಡಿದು ಪುಷ್ಯ, ಆಶ್ಲೇಷ ಕಳೆಯುವ ತನಕ, ಒಗೆದ ಬಟ್ಟೆಯೇ ವಾರವಾದರೂ ಒಣಗದಿರುವಾಗ, ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಸದಾ ಇದ್ದೇ ಇರುತ್ತದೆ. ನಳಿಗೆಗೆ ಕೊಟ್ಟಿರುವ ಈ ನೀಲಿಗಪ್ಪು ಬಣ್ಣವೂ ವಾಸ್ತವವಾಗಿ ಕಬ್ಬಿಣದ ಒಂದು ಬಗೆಯ ಆಕ್ಸೈಡೇ. ಕೆಂಪು ತುಕ್ಕು ಬಾರದಂತೆ ತಡೆಯುವ ಸ್ವಂತ ಶಕ್ತಿ ಅದಕ್ಕೆ ಅತ್ಯಲ್ಪ, ಎಣ್ಣೆಯನ್ನು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಟ್ಟುಕೊಳ್ಳುವ ಗುಣ ಮಾತ್ರ ಅದಕ್ಕಿದೆ. ಆದುದರಿಂದ ಹೊರಮೈಗೆ ಬೇಕಾದುದು ಸುಲಭವಾಗಿ ಹರಿದುಹೋಗದೆ ಪೊರೆಯಾಗಿ ನಿಲ್ಲುವ ದ್ರವ್ಯ. ಒಳಗಿನ ಪಿನ್ನು, ಸಿಯರೆಂಬ ತಡೆಕೊಂಡಿ, ಸ್ಪ್ರಿಂಗು ಇವುಗಳಿಗೆ ಬೇಕಾದುದು ಅತ್ಯಂತ ತೆಳುವಾದ, ಎಂದಿಗೂ ಗಟ್ಟಿಯಾಗದ ಖನಿಜ ತೈಲ, ಅದೂ ಒರೆಸಿ ತೆಗೆದ ಮೇಲೆ ಎಷ್ಟು ಉಳಿಯುತ್ತದೆಯೋ ಅಷ್ಟೇ.

ಅಳಿಯ: ತೆಂಗಿನೆಣ್ಣೆ ನಮ್ಮ ಮನೆಯಲ್ಲಿ ಕತ್ತಿಗೂ ಬೀಗಕ್ಕೂ ಬಾಗಿಲ ತಿರುಗಣಿಗೂ ನಡೆಯುತ್ತದೆ. ಕೋವಿಯೊಂದಕ್ಕೆ ಅದರಿಂದ ಏನು ತೊಂದರೆ?

ಮಾವ: ಬೀಗ ತಡವಾಗಿ ತೆರೆದುಕೊಂಡರೆ ನೀನು ಇನ್ನೊಮ್ಮೆ ತಿರುಗಿಸುತ್ತೀಯೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗಿನಲ್ಲಿ ಬಚ್ಚಲಿನ ಸೀಸೆಯಲ್ಲಿ ಅದು ಬೆಳ್ಳಗೆ ಗಟ್ಟಿಯಾಗಿ ನಿಂತಿರುವುದನ್ನು ದಿನವೂ ಕಾಣುವ ನಾವು, ಪಿನ್ನಿನ ತೂತಿನೊಳಗೂ ಅದು ಹಾಗೆಯೇ ನಿಂತಿರುತ್ತದೆಂದು ಊಹಿಸುವುದಿಲ್ಲ. ಅಲ್ಲದೆ ಕಾಲಕ್ರಮದಲ್ಲಿ ಅದು ಕಮಟಾಗುತ್ತದೆ. ಕಮಟಾದ ಎಣ್ಣೆಯಲ್ಲಿರುವ ಆಮ್ಲವು ಲೋಹವನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ಹರಳೆಣ್ಣೆ ನಯಗೊಳಿಸುವುದರಲ್ಲಿ ಅಸಾಧಾರಣವಾದದ್ದು, ಮೊದಲನೆಯ ಮಹಾಯುದ್ಧದ ಅನೇಕ ವಿಮಾನಗಳ ಎಂಜಿನ್ನುಗಳು ಅದನ್ನು ಕುಡಿದೇ ಹಾರುತ್ತಿದ್ದುವು. ಆದರೆ ಅವುಗಳಿಗೆ ಪ್ರತಿಸಲ ಹೊಸ ಎಣ್ಣೆ ಸಿಗುತ್ತಿತ್ತು. ನಿಂತಲ್ಲಿ ನಿಂತರೆ ಅದು ಅಂಟಾಗುತ್ತದೆ. ಅಗಸೆಯೆಣ್ಣೆಯಂತೂ ಗಾಳಿಯಿಂದ ಆಮ್ಲಜನಕವನ್ನು ಹೀರಿ ಒಣಗಿ ವಾರ್ನಿಷ್ ಆಗುವ ಜಾತಿ: ಹಿಡಿಯ ಮರಕ್ಕೆ ಅಮೃತ, ಒಳಗಿನ ಯಂತ್ರಕ್ಕೆ ವಿಷ. ಸೀಮೆಎಣ್ಣೆ ಕೊಳೆ ಕರಗಿಸುವುದಕ್ಕೆ ಸರಿ. ಅದರಿಂದ ತೊಳೆದು ಹಾಗೆಯೇ ಬಿಟ್ಟರೆ ಲೋಹ ನಗ್ನವಾಗಿ ಉಳಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಒಳಭಾಗಗಳಿಗೆ ಧಾರಾಳವಾಗಿ ಒಪ್ಪುತ್ತೇನೆ. ಧಾರಾಳವಾಗಿ ಒಪ್ಪುತ್ತೇನೆಂದೆ, ಧಾರಾಳವಾಗಿ ಹಾಕೆಂದು ಹೇಳಲಿಲ್ಲ.

ಅಳಿಯ: ಪೇಟೆಯಲ್ಲಿ ನೀಲಿ-ಹಳದಿ ಡಬ್ಬಿಯ ಸ್ಪ್ರೇ ಬರುತ್ತದೆ. ಡಬ್ಲ್ಯೂಡಿ-40. ಒಮ್ಮೆ ಒತ್ತಿದರೆ ಎಲ್ಲ ಸಂದಿಗೂ ಹೋಗುತ್ತದೆ.

ಮಾವ: ಹೋಗುತ್ತದೆ; ಅದೇ ಅದರ ಗುಣ, ಅದೇ ಅದರ ದೋಷ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅದನ್ನು ಸಿದ್ಧಪಡಿಸಿದವರ ಉದ್ದೇಶ ಲೋಹದ ಮೇಲಿನ ನೀರನ್ನು ಓಡಿಸುವುದು. ಅಟ್ಲಾಸ್ ಕ್ಷಿಪಣಿಯ ಹೊರಮೈ ತುಕ್ಕು ಹಿಡಿಯದಿರಲೆಂದು ಅದು ಬಳಕೆಗೆ ಬಂದಿತು. ಮಳೆಯಲ್ಲಿ ನೆನೆದ ಕೋವಿಯ ಸಂದುಗಳಿಂದ ನೀರನ್ನು ಹೊರದೂಡುವುದಕ್ಕೆ ಅದಕ್ಕಿಂತ ಅನುಕೂಲವಾದದ್ದು ಕಡಿಮೆ. ಆದರೆ ಅದರ ಹೆಚ್ಚಿನ ಅಂಶ ಆವಿಯಾಗಿ ಹೋಗಿ, ಉಳಿಯುವ ಎಣ್ಣೆ ಬಹು ತೆಳುವಾದುದರಿಂದ, ದೀರ್ಘಕಾಲದ ರಕ್ಷಣೆಗೆ ಅದನ್ನು ನಂಬಿ ಕುಳಿತುಕೊಳ್ಳಲಾಗದು. ಅದನ್ನು ಸಿಂಪಡಿಸಿ ಒದ್ದೆಯಾಗಿಯೇ ಬಿಟ್ಟ ಚೇಂಬರಿನಲ್ಲಿ ತೋಟಾವನ್ನು ತುಂಬಿಟ್ಟರೆ, ಸಂದಿಗೆಲ್ಲ ಹೋಗುವ ಆ ಎಣ್ಣೆ ಕೇಪಿನ ಸಂದಿಗೂ ಹೋಗಿ ಒಳಗಿನ ಮದ್ದನ್ನು ಕೆಡಿಸಬಹುದು. ತೋಟಾದ ಬಳಿಗೆ ಎಣ್ಣೆ ಹೋಗಕೂಡದೆಂಬುದು ಯಾವ ಎಣ್ಣೆಗೂ ಅನ್ವಯಿಸುವ ನಿಯಮ. ಇದು ಕೊಂಚ ಹೆಚ್ಚು ಚುರುಕು, ಅಷ್ಟೆ.

ಅಳಿಯ: ಸೈನ್ಯದಲ್ಲಿ ಇದಕ್ಕೆಲ್ಲ ಒಂದು ಶಾಸ್ತ್ರವೇ ಇರಬೇಕು.

ಮಾವ: ಶಾಸ್ತ್ರಕ್ಕಿಂತ ಅಭ್ಯಾಸ ಹೆಚ್ಚು. ನಮಗೆ ಕಲಿಸಿದ ಉಸ್ತಾದರು .303 ರೈಫಲಿನ ಕಾಲದವರು. ಆ ಲೀ-ಎನ್‌ಫೀಲ್ಡ್ ರೈಫಲಿನ ಹಿಡಿಯ ತುದಿಯಲ್ಲಿ ಹಿತ್ತಾಳೆಯ ಒಂದು ಮುಚ್ಚಳ, ಅದರೊಳಗೆ ನಳಿಗೆಯಲ್ಲಿ ಚಿಂದಿಯನ್ನು ಎಳೆಯುವ ಪುಲ್‌ಥ್ರೂ ಎಂಬ ಹಗ್ಗ ಮತ್ತು ಒಂದು ಪುಟ್ಟ ಎಣ್ಣೆಯ ಕುಪ್ಪಿ. ಕುಪ್ಪಿಯ ತಿರುಪು ಮುಚ್ಚಳಕ್ಕೆ ಸೇರಿದಂತೆ ಒಳಗೆ ಒಂದು ಸಣ್ಣ ಚಮಚದ ಕಡ್ಡಿ. ಬೇಕಾದ ಎಣ್ಣೆಯೆಷ್ಟೆಂಬುದನ್ನು ಆ ಚಮಚವೇ ಹೇಳುತ್ತಿತ್ತು. ಸುರಿಯುವುದಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಬರ್ಮಾದ ಖನಿಜ ತೈಲದಿಂದ ಬಂದುದರಿಂದ ಬಂದೂಕಿನ ಎಣ್ಣೆಗೆ ರಂಗೂನ್ ಎಣ್ಣೆ ಎಂದೇ ಹೆಸರು. ಒಣಗಿಸಿ ಉಜ್ಜುವ ಚಿಂದಿ 4 ಅಂಗುಲ ಉದ್ದ, 2 ಅಂಗುಲ ಅಗಲ. ಎಣ್ಣೆ ಹಚ್ಚುವ ಚಿಂದಿ ಅಷ್ಟೇ ಉದ್ದ, ಒಂದೂವರೆ ಅಂಗುಲ ಅಗಲ. ಆ ಅರ್ಧ ಅಂಗುಲದಲ್ಲಿ ಇಡೀ ವಿದ್ಯೆ ಅಡಗಿದೆ: ಮೊದಲನೆಯದು ನಳಿಗೆಯಲ್ಲಿ ಬಿಗಿಯಾಗಿ ಹೋಗಿ ಕೊಳೆಯನ್ನು ಕೆರೆದು ತರಬೇಕು, ಎರಡನೆಯದು ಸಡಿಲವಾಗಿ ಹೋಗಿ ಎಣ್ಣೆಯ ಪೊರೆಯನ್ನು ಹಿಂದೆ ಬಿಟ್ಟು ಬರಬೇಕು, ಅದೂ ಬಿಗಿಯಾಗಿ ಹೋದರೆ ತಾನು ಹಚ್ಚಿದ ಎಣ್ಣೆಯನ್ನು ತಾನೇ ಒರೆಸಿಕೊಂಡು ಬರುತ್ತದೆ.

ಅಳಿಯ: ಕುದಿಯುವ ನೀರು ಹಾಕಿ ರೈಫಲ್ ತೊಳೆಯುತ್ತಿದ್ದರೆಂದು ತಂದೆಯವರು ಹೇಳುತ್ತಿದ್ದರು. ನಾನು ಅದನ್ನು ಅತಿಶಯೋಕ್ತಿಯೆಂದೇ ತಿಳಿದಿದ್ದೆ.

ಮಾವ: ಅಕ್ಷರಶಃ ನಿಜ. ಆ ಕಾಲದ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಈಡು ಹಾರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ, ಅಡಿಗೆಯ ಉಪ್ಪಿಗೆ ತೀರ ಹತ್ತಿರದ ನೆಂಟನಾಗಿ, ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತಿತ್ತು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಷ್ಟು ಎಣ್ಣೆ ಹಾಕಿ ತಿಕ್ಕಿದರೂ ಅದು ಎಣ್ಣೆಯ ಕೆಳಗೇ ಕುಳಿತು, ಗಾಳಿಯ ತೇವವನ್ನು ತನ್ನ ಕಡೆ ಎಳೆದುಕೊಂಡು, ಮೇಲೆ ಹೊಳಪು ಕಾಣುತ್ತಿರುವಾಗಲೇ ಒಳಗೆ ಗುಳಿ ತೋಡುತ್ತಿತ್ತು. ನೀರಿನಲ್ಲಿ ಮಾತ್ರ ಕರಗುತ್ತದೆ. ಕುದಿಯುವ ನೀರಾದರೆ ಕರಗಿಸಿದ್ದೂ ಆಯಿತು, ಉಕ್ಕು ಬಿಸಿಯಾಗಿ ತಾನಾಗಿ ಒಣಗಿದ್ದೂ ಆಯಿತು. ಆಮೇಲೆ ಒಣಚಿಂದಿ, ಆಮೇಲೆ ಎಣ್ಣೆ. ಬಾಯಿಯಿಂದ ಕರಿಮದ್ದು ತುಂಬುವ ಕೇಪಿನ ಕೋವಿಗೂ ಇದೇ ವಿಧಿ. ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ ಹೋಗದೆ ಘನವಾದ ಕಲ್ಮಷವಾಗಿಯೇ ಉಳಿಯುತ್ತದೆ. ಅದರಲ್ಲಿಯೂ ತೇವವನ್ನು ಹೀರುವ ಪೊಟ್ಯಾಸಿಯಂ ಲವಣಗಳೇ ಅಧಿಕ. ಅದರ ಮೇಲೆ ಖನಿಜ ತೈಲ ಸುರಿದರೆ ಟಾರಿನಂಥ ಮಡ್ಡಿಯಾಗುತ್ತದೆ. ಆದುದರಿಂದ ಹಳಬರು ಆ ಬಗೆಯ ಕೋವಿಗೆ ಬಿಸಿನೀರನ್ನೂ, ಗುಂಡಿಗೆ ಮೇಣ ಮತ್ತು ಕೊಬ್ಬುಗಳನ್ನೂ ಬಳಸಿದರು.

ಅಳಿಯ: ಆ ಕೊಬ್ಬಿನಿಂದಲೇ ಅಲ್ಲವೆ 1857ರ ದಂಗೆ ಹತ್ತಿಕೊಂಡದ್ದು?

ಮಾವ: ಹತ್ತಿಕೊಂಡದ್ದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿದ್ದುವು, ಕಿಡಿ ಅಲ್ಲಿಂದ ಹಾರಿತೆನ್ನುವುದು ನಿಜ. ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟಾಕ್ಕೆ ಸವರಿದ ಕೊಬ್ಬಿನಲ್ಲಿ ಹಸುವಿನದೂ ಹಂದಿಯದೂ ಸೇರಿದೆಯೆಂಬ ಮಾತು ಹಬ್ಬಿದ ಮೇಲೆ, ಮೇಣವನ್ನೂ ತುಪ್ಪವನ್ನೂ ಬೆರೆಸಿ ಸಿಪಾಯಿಗಳೇ ತಮ್ಮ ಜಿಡ್ಡನ್ನು ಸಿದ್ಧಪಡಿಸಿಕೊಳ್ಳಬಹುದೆಂದು ಸರ್ಕಾರ ಒಪ್ಪಿದರೂ ಆ ವೇಳೆಗೆ ನಂಬುಗೆ ಮುರಿದುಹೋಗಿತ್ತು. ಒಂದು ಸಾಮ್ರಾಜ್ಯದ ಅಧಿಕಾರಿಗಳು ಜಿಡ್ಡಿನ ಮೂಲವನ್ನು ವಿಚಾರಿಸದೆ ಹೋದುದು ಸಾಮಾನ್ಯ ಅಜಾಗ್ರತೆಯಲ್ಲ. ಇರಲಿ, ಈಗಿನ ತೋಟಾಗಳಿಗೆ ಬರೋಣ. ಇವುಗಳ ಕೇಪು ಆ ಬಗೆಯ ಉಪ್ಪನ್ನು ಬಿಡುವುದಿಲ್ಲವಾದುದರಿಂದ ಕುದಿನೀರಿನ ಅಗತ್ಯವಿಲ್ಲ. ಮಸಿಯೂ ಸೀಸದ ಗೀರುಗಳೂ ಪ್ಲಾಸ್ಟಿಕ್ಕಿನ ಪಟ್ಟೆಗಳೂ ಮಾತ್ರ ಉಳಿಯುತ್ತವೆ. ಕಂಚಿನ ತಂತಿಯ ಬ್ರಷ್ಷನ್ನು ಗಜಕ್ಕೆ ಸಿಕ್ಕಿಸಿ, ಚೇಂಬರಿನ ಕಡೆಯಿಂದಲೇ ತೂರಿಸಿ, ಬಾಯಿಯ ಕಡೆ ಹೊರಡಿಸಬೇಕು. ಬೆರಳಿನ ಬೆವರಿನ ಉಪ್ಪು ಮಾತ್ರ ಎಲ್ಲ ಕಾಲದಲ್ಲಿಯೂ ಒಂದೇ. ಇಲ್ಲಿ ನೋಡು, ನಳಿಗೆಯ ಪಕ್ಕದಲ್ಲಿ ಐದು ಕೆಂಪು ಕಲೆಗಳು ಸಾಲಾಗಿ. ಯಾರೋ ಎತ್ತಿಕೊಂಡು ಹೋಗಿ ಇಟ್ಟ ಕೈಯ ಗುರುತು.

ಅಳಿಯ: ಠಾಣೆಯಲ್ಲಿ ಇಟ್ಟಿದ್ದ ಕೋಣೆಗೆ ಕಿಟಕಿಯೇ ಇಲ್ಲ. ಊರಿನ ಕೋವಿಗಳನ್ನೆಲ್ಲ ಸೌದೆಯಂತೆ ಒಂದರ ಮೇಲೊಂದು ಒರಗಿಸಿದ್ದರು. ತುಕ್ಕನ್ನು ಮರಳುಕಾಗದದಿಂದ ಉಜ್ಜಲೆ?

ಮಾವ: ತುಕ್ಕಿನ ಜೊತೆಗೆ ಬಣ್ಣವೂ ಹೋದೀತು. ಕೂದಲಿನಷ್ಟು ನಯವಾದ ಉಕ್ಕಿನ ನಾರು ಸಿಗುತ್ತದೆ. ಅದನ್ನು ಎಣ್ಣೆಯಲ್ಲಿ ಅದ್ದಿ, ಒತ್ತದೆ, ಬೆರಳಿನ ಭಾರ ಮಾತ್ರ ಕೊಟ್ಟು ಉಜ್ಜಿದರೆ ಮೇಲಿನ ತುಕ್ಕು ಬಿಡುತ್ತದೆ. ತುಕ್ಕು ರಂಧ್ರಮಯವಾದ ವಸ್ತು, ತಾನೇ ತೇವವನ್ನು ಹಿಡಿದಿಟ್ಟುಕೊಂಡು ಕೆಳಗಿನ ಲೋಹಕ್ಕೆ ಉಣಿಸುತ್ತದೆ. ಆದುದರಿಂದ ಅದನ್ನು ತೆಗೆಯದೆ ಎಣ್ಣೆಯಿಂದ ಮುಚ್ಚುವುದು ವ್ಯರ್ಥ. ಸ್ಪ್ರಿಂಗಿನ ಮೇಲೆ ತುಕ್ಕಿನ ಒಂದು ಚುಕ್ಕೆ ಬಿದ್ದರಂತೂ ಇನ್ನೂ ಅಪಾಯ: ಬಳುಕುವ ಲೋಹ ಮುರಿಯುವುದು ಸಾಮಾನ್ಯವಾಗಿ ಅಂಥ ಗುಳಿಯಿಂದಲೇ ಆರಂಭವಾಗುತ್ತದೆ. ಆದರೆ ಆ ಭಾಗವನ್ನು ನೀನು ಬಿಚ್ಚಕೂಡದು. ಅಡ್ಡಾದಿಡ್ಡಿ ತಿರುಪುಳಿಯಿಂದ ಸ್ಕ್ರೂಗಳ ತಲೆ ಕಿತ್ತುಹೋದ ಎಷ್ಟು ಒಳ್ಳೆಯ ಕೋವಿಗಳು ನನ್ನ ಮೇಜಿಗೆ ಬಂದಿವೆಯೆಂದು ಹೇಳಿ ಪೂರೈಸದು. ಮಳೆಗೆ ಮೊದಲು ವರ್ಷಕ್ಕೊಮ್ಮೆ ತಿಳಿದವನ ಕೈಗೆ ಕೊಡು.

ಅಳಿಯ: ನಾನು ಮಾಡಬಹುದಾದ ಭಾಗ ಯಾವುದು?

ಮಾವ: ಮುಂದಿನ ಮರವನ್ನು ಬಿಡಿಸಿ, ನಳಿಗೆಗಳನ್ನು ಕಳಚಿ, ಮೇಜಿನ ಮೇಲೆ ಮೂರು ಭಾಗವಾಗಿ ಇಟ್ಟುಕೊಂಡರೆ ನಿನಗೆ ಸಂಬಂಧಪಟ್ಟುದೆಲ್ಲ ಕಣ್ಣೆದುರಿಗಿರುತ್ತದೆ. ಈ ಕೀಲಿನ ಅಚ್ಚನ್ನೂ ಇದನ್ನು ತಬ್ಬಿಕೊಳ್ಳುವ ನಳಿಗೆಯ ಕೆಳಗಿನ ಕೊಕ್ಕೆಯನ್ನೂ ನೋಡು. ಈಡು ಹಾರಿದಾಗಲೆಲ್ಲ ನಳಿಗೆಯ ಸೆಳೆತ ಇಲ್ಲಿ ಬೀಳುತ್ತದೆ. ಮಡಚಿದಾಗಲೆಲ್ಲ ಇಲ್ಲಿಯೇ ಉಕ್ಕು ಉಕ್ಕನ್ನು ಉಜ್ಜುತ್ತದೆ. ಅಷ್ಟು ಒತ್ತಡದಲ್ಲಿ ತೆಳುವಾದ ಎಣ್ಣೆ ಹಿಂಡಿಹೋಗುತ್ತದೆ. ಇಲ್ಲಿಗೆ ಗ್ರೀಸು. ಗ್ರೀಸೆಂದರೆ ಸಾಬೂನಿನಂಥ ದ್ರವ್ಯವೊಂದು ತನ್ನ ಮೈಯೊಳಗೆ ಎಣ್ಣೆಯನ್ನು ಹಿಡಿದಿಟ್ಟುಕೊಂಡು, ಒತ್ತಡ ಬಿದ್ದಾಗ ಬೇಕಾದಷ್ಟನ್ನೇ ಬಿಟ್ಟುಕೊಡುವ ಏರ್ಪಾಡು. ಅಚ್ಚಿಗೊಂದು ಬೆಂಕಿಕಡ್ಡಿಯ ತಲೆಯಷ್ಟು, ಮುಂದಿನ ಮರದ ಕಬ್ಬಿಣ ತಿರುಗುವ ಈ ಗೆಣ್ಣಿಗೆ ಅಷ್ಟು, ಚಿಲಕ ಕೂರುವ ಈ ಕಚ್ಚುಗಳಿಗೆ ಅದರಲ್ಲಿ ಅರ್ಧ. ಮೊದಲು ಹಳೆಯದನ್ನು ಸಂಪೂರ್ಣವಾಗಿ ಒರೆಸು; ಹಳೆಯ ಗ್ರೀಸಿನ ಮೇಲೆ ಹೊಸದನ್ನು ಬಳಿಯುವುದೆಂದರೆ ಅದರೊಳಗಿನ ಮರಳಿಗೂ ಮಸಿಗೂ ಹೊಸ ಜೀವ ಕೊಟ್ಟಂತೆ. ಒಣಗಿದ ಕೀಲಿನಲ್ಲಿ ಹಲವಾರು ವರ್ಷ ಮಡಚುತ್ತ ಬಂದ ಕೋವಿ ಸಡಿಲವಾಗುತ್ತದೆ. ಪರೀಕ್ಷಿಸಬೇಕೆಂದರೆ ಮುಂದಿನ ಮರವನ್ನು ತೆಗೆದಿಟ್ಟು, ಕೋವಿಯನ್ನು ಮುಚ್ಚಿ, ಹಿಡಿಯನ್ನು ಹಿಡಿದು ಮೆಲ್ಲಗೆ ಅಲುಗಿಸು. ಕೇಳಿಸುತ್ತದೆಯೆ?

ಅಳಿಯ: ಏನೂ ಇಲ್ಲ.

ಮಾವ: ಕಟಕಟ ಸದ್ದಿದ್ದರೆ ಕೀಲು ಸವೆದಿದೆಯೆಂದು ಅರ್ಥ, ಆಗ ಎಣ್ಣೆಯಿಂದ ಆಗುವುದೇನೂ ಇಲ್ಲ, ಹೊಸ ಅಚ್ಚನ್ನೇ ಹಾಕಿಸಬೇಕು. ಭಾವನವರ ಕೋವಿಯ ಕೀಲು ಗಟ್ಟಿಯಾಗಿದೆ. ಅವರು ಸುರಿದ ಎಣ್ಣೆ ಇಲ್ಲಿಗಾದರೂ ಉಪಕಾರ ಮಾಡಿತು. ಅಪಕಾರ ಮಾಡಿರುವುದು ಎಲ್ಲಿ ಎಂದರೆ, ಈ ಹಿಡಿಮರ ಕಬ್ಬಿಣವನ್ನು ಸೇರುವ ಜಾಗದಲ್ಲಿ. ಬಣ್ಣ ಹೇಗಿದೆ?

ಅಳಿಯ: ಕಪ್ಪಗಿದೆ. ಅಯ್ಯೊ, ಉಗುರು ಊರುತ್ತದೆ!

ಮಾವ: ಕೋವಿಯನ್ನು ಬಾಯಿ ಮೇಲಾಗಿ ನಿಲ್ಲಿಸಿದರೆ, ನಳಿಗೆಯಲ್ಲಿಯೂ ಯಂತ್ರದಲ್ಲಿಯೂ ಇರುವ ಹೆಚ್ಚಿನ ಎಣ್ಣೆ ಕ್ರಮೇಣ ಕೆಳಗಿಳಿದು ಮರದ ತಲೆಗೆ ಸೇರುತ್ತದೆ. ಆಕ್ರೋಟಿನ ಮರ ಎಷ್ಟು ಗಟ್ಟಿಯಾದರೂ ಎಣ್ಣೆ ಕುಡಿದು ಕುಡಿದು ಮೆತ್ತಗಾಗಿ, ಒಂದೊಂದು ಈಡಿನ ಹಿಮ್ಮೆಟ್ಟಿಗೂ ಕೊಂಚ ಕೊಂಚ ಜಜ್ಜಿ, ಕೊನೆಗೆ ಸೀಳುತ್ತದೆ. ಇದನ್ನು ಸೀಮೆಸುಣ್ಣದ ಪುಡಿಯ ಲೇಪದಿಂದ ಆದಷ್ಟು ಹೀರಿಸಿ ನೋಡುತ್ತೇನೆ. ಇನ್ನು ಮುಂದೆ ಎಣ್ಣೆ ಹಚ್ಚಿದ ಕೋವಿಯನ್ನು ಬಾಯಿ ಕೆಳಗಾಗಿ, ಒಂದು ಮಣೆಯ ಮೇಲೆ ಬಟ್ಟೆ ಹಾಸಿ ನಿಲ್ಲಿಸು.

ಅಳಿಯ: ಎಣ್ಣೆ ಮಿತವಾಗಿರಬೇಕೆಂಬುದು ಎಲ್ಲ ಬಂದೂಕಿಗೂ ಸಲ್ಲುವ ಮಾತೆ?

ಮಾವ: ಹಾಗೆ ಹೇಳಿದರೆ ನಾನೂ ಭಾವನವರಷ್ಟೇ ಹಟವಾದಿಯಾದೇನು. ಬಂದೂಕಿನ ರಚನೆ, ಪ್ರದೇಶದ ಹವೆ, ಎರಡನ್ನೂ ನೋಡಿ ನಿರ್ಣಯಿಸಬೇಕಾದ ವಿಷಯ ಇದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರ ಗ್ಯಾರಂಡ್ ರೈಫಲಿನ ಎಣ್ಣೆಯನ್ನು ಮಳೆ ತೊಳೆದುಹಾಕಿ, ಬೋಲ್ಟು ಕಚ್ಚಿಕೊಳ್ಳತೊಡಗಿದಾಗ ಅವರು ಗ್ರೀಸಿಗೆ ಶರಣಾದರು. ಅದಕ್ಕೆ ವಿರುದ್ಧವಾಗಿ, 1941ರ ಚಳಿಗಾಲದಲ್ಲಿ ರಷ್ಯದೊಳಗೆ ನುಗ್ಗಿದ ಜರ್ಮನರ ಬಂದೂಕುಗಳಲ್ಲಿ ಎಣ್ಣೆಯೇ ಹೆಪ್ಪುಗಟ್ಟಿ ಯಂತ್ರವನ್ನು ಬಂಧಿಸಿತು. ದ್ರಾಸಿನ ಕಡೆ ನಾನಿದ್ದಾಗ ನಾವೂ ಚಳಿಗೆ ತಕ್ಕ ತೆಳು ಎಣ್ಣೆಯನ್ನು ಹಚ್ಚಬೇಕೋ ಬೇಡವೋ ಎಂಬಷ್ಟು ಹಚ್ಚಿ ಒರೆಸುತ್ತಿದ್ದೆವು; ಹೊರಗಿನ ಶೀತದಲ್ಲಿದ್ದ ಆಯುಧವನ್ನು ಬೆಚ್ಚಗಿನ ಬಂಕರಿನೊಳಕ್ಕೆ ತಂದರೆ ಅದರ ಮೈಯೆಲ್ಲ ಬೆವರಿ, ಮತ್ತೆ ಹೊರಕ್ಕೊಯ್ದಾಗ ಆ ಬೆವರು ಮಂಜುಗಡ್ಡೆಯಾಗುತ್ತದೆಂದು ಹೊರಗೇ ಮರೆಯಲ್ಲಿ ಇಡುತ್ತಿದ್ದುದೂ ಉಂಟು.

ಅಳಿಯ: ವಿಯೆಟ್ನಾಮಿನಲ್ಲಿ ಅಮೆರಿಕದವರ ರೈಫಲುಗಳು ಕೈಕೊಟ್ಟುವೆಂದು ಓದಿದ್ದೇನೆ.

ಮಾವ: ಎಂ-16. ಅದು ತನ್ನಷ್ಟಕ್ಕೆ ಶುಚಿಯಾಗಿರುವ ರೈಫಲು, ಅದಕ್ಕೆ ಆರೈಕೆಯೇ ಬೇಡವೆಂಬ ಭ್ರಮೆ ಹೇಗೋ ಹಬ್ಬಿ, ಶುಚಿಮಾಡುವ ಸಲಕರಣೆಯೂ ಶಿಕ್ಷಣವೂ ಸಾಕಷ್ಟಿಲ್ಲದೆ ಅದನ್ನು ಕಾಡಿನೊಳಕ್ಕೆ ಕಳುಹಿಸಿದರು. ಅದರ ಜೊತೆಗೆ ಮದ್ದಿನ ಜಾತಿ ಬದಲಾಗಿ ಮಸಿ ಹೆಚ್ಚಿತ್ತು. ಚೇಂಬರಿಗೆ ಕ್ರೋಮಿನ ಲೇಪವಿರಲಿಲ್ಲ, ಆ ತೇವದಲ್ಲಿ ಅದು ತುಕ್ಕು ಹಿಡಿದು ಹಾರಿದ ತೋಟಾದ ಕೊಳವೆಯನ್ನು ಬಿಡಲೊಲ್ಲದಾಯಿತು. ಯೋಧರು ಕೈಯಲ್ಲಿ ಕೆಟ್ಟ ರೈಫಲು ಹಿಡಿದೇ ಸತ್ತರು. 1967ರಲ್ಲಿ ಅಲ್ಲಿನ ಪ್ರತಿನಿಧಿಸಭೆಯ ಉಪಸಮಿತಿ ವಿಚಾರಣೆ ನಡೆಸಿತು. ಅನಂತರ ಕ್ರೋಮಿನ ಲೇಪ ಬಂದಿತು, ಸಲಕರಣೆ ಬಂದಿತು, ವಿಲ್ ಐಸ್ನರ್ ಎಂಬ ಚಿತ್ರಗಾರನಿಂದ ಚಿತ್ರಕಥೆಯ ರೂಪದಲ್ಲಿ ಒಂದು ಆರೈಕೆಯ ಪುಸ್ತಿಕೆಯನ್ನೇ ಬರೆಸಿ 1968ರಲ್ಲಿ ಸೈನಿಕರಿಗೆ ಹಂಚಿದರು. ಆ ರೈಫಲಿನ ರಚನೆಯಲ್ಲಿ ಮಸಿಗೂಡಿದ ಅನಿಲ ನೇರವಾಗಿ ಯಂತ್ರದೊಳಕ್ಕೇ ಊದುವುದರಿಂದ, ಅದರ ಬೋಲ್ಟಿನ ಭಾಗಗಳು ಒಣಗಿರಕೂಡದು. ಎಣ್ಣೆಯಿಂದ ಒದ್ದೆಯಾಗಿಯೇ ಇರಬೇಕು. ನಿನ್ನ ಜೋಡುನಳಿಗೆಗೆ ಆ ನ್ಯಾಯ ಹೊಂದುವುದಿಲ್ಲ. ಇದರಲ್ಲಿ ತಾನಾಗಿ ಚಲಿಸುವ ಭಾಗಗಳು ಕಡಿಮೆ, ಮನುಷ್ಯನ ಕೈ ಮಾಡುವ ಕೆಲಸವೇ ಹೆಚ್ಚು.

ಅಳಿಯ: ಹಾಗಾದರೆ ಈಡು ಹೊಡೆಯುವುದಕ್ಕೆ ಮೊದಲು ನಳಿಗೆಯೊಳಗಿನ ಎಣ್ಣೆ?

ಮಾವ: ಒಣಚಿಂದಿಯಿಂದ ಒರೆಸಿಬಿಡಬೇಕು, ಚೇಂಬರನ್ನು ವಿಶೇಷವಾಗಿ. ಈಡಿನ ಒತ್ತಡಕ್ಕೆ ತೋಟಾದ ಕೊಳವೆ ಹಿಗ್ಗಿ ಚೇಂಬರಿನ ಗೋಡೆಯನ್ನು ಕಚ್ಚಿಕೊಳ್ಳಬೇಕು. ಅಲ್ಲಿ ಎಣ್ಣೆಯಿದ್ದರೆ ಹಿಡಿತ ತಪ್ಪಿ ಅಷ್ಟು ಹೆಚ್ಚಿನ ಪೆಟ್ಟು ಹಿಂದಿನ ಮುಖಕ್ಕೂ ಈ ಕೀಲಿಗೂ ಬೀಳುತ್ತದೆ. ಇನ್ನು ಪಿನ್ನು. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಲಿಗೆಯೆಣ್ಣೆ ತಾಗಿದ ಬೆರಳಿನಿಂದ ಒಮ್ಮೆ ಮುಟ್ಟಿ, ಮತ್ತೆ ಒರೆಸಿ ಒಳಗಿಟ್ಟಿದ್ದೇನೆ. ಇನ್ನು ಅದು ತಡವರಿಸದು.

ಅಳಿಯ: ಆಯುಧಪೂಜೆಯನ್ನು ಬಿಡಬೇಕೇನು? ಅಮ್ಮ ಒಪ್ಪುವುದಿಲ್ಲ.

ಮಾವ: ಬಿಡು ಎಂದು ಅಕ್ಕನಿಗೆ ಹೇಳುವ ಧೈರ್ಯ ನನಗೂ ಇಲ್ಲ. ಕೊಡಗಿನವರನ್ನು ನೋಡು: ನಾಟಿ ಮುಗಿದು, ಮಳೆಯ ರಭಸ ಇಳಿಯುವ ಹೊತ್ತಿಗೆ, ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಪೊಳ್ದು ಹಬ್ಬ ಬರುತ್ತದೆ, ಕೋವಿಗಳನ್ನು ಶುಚಿಮಾಡಿ, ಇಟ್ಟು, ತೋಕ್ ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತುಕ್ಕು ಆಳಕ್ಕೆ ಇಳಿಯುವ ಮುನ್ನವೇ ವರ್ಷದ ತಪಾಸಣೆ ಆದಂತಾಯಿತು. ಅದರ ಕಾಲನಿರ್ಣಯವನ್ನು ಯಾವ ವರ್ಕ್‌ಷಾಪಿನ ಅಧಿಕಾರಿಯೂ ತಿದ್ದಲಾರ. ನಮ್ಮ ಮಹಾನವಮಿಯೂ ತೀರ ತಡವಲ್ಲ. ಪೂಜೆ ನಡೆಯಲಿ, ಹಚ್ಚಿದ ಗಂಧವನ್ನೂ ಕುಂಕುಮವನ್ನೂ ಪ್ರೋಕ್ಷಿಸಿದ ನೀರನ್ನೂ ವಿಜಯದಶಮಿಯ ತನಕ ಹಾಗೆಯೇ ಬಿಡದೆ, ಮಂಗಳಾರತಿಯಾದ ಮೇಲೆ ಒರೆಸಿ ಎಣ್ಣೆ ಹಚ್ಚಿದರೆ ದೇವಿ ಮುನಿಯಲಾರಳು.

ಅಳಿಯ: ಪಂಚಾಯಿತಿ ಚುನಾವಣೆಯೂ ಬರುತ್ತದೆ, ಮತ್ತೆ ಠಾಣೆಗೆ ಕೊಡಬೇಕಾದೀತು. ತಂದೆಯವರ ತೊಗಲಿನ ಚೀಲದಲ್ಲಿಯೇ ಇಟ್ಟು ಕೊಡಲೆ?

ಮಾವ: ತೊಗಲೂ ಬಟ್ಟೆಯೂ ತೇವವನ್ನು ಹೀರಿಕೊಂಡು ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತವೆ, ತೊಗಲನ್ನು ಹದಮಾಡಿದ ಲವಣಗಳೂ ಅದಕ್ಕೆ ಸಹಾಯ. ಚೀಲ ಕೋವಿಯನ್ನು ಹೊತ್ತೊಯ್ಯುವುದಕ್ಕೆ, ಇರಿಸುವುದಕ್ಕಲ್ಲ. ಒಪ್ಪಿಸುವ ಮುನ್ನಾದಿನ ಒಳಗೂ ಹೊರಗೂ ಒಣಗಿಸಿ, ಹೊರಮೈಗೆ ದಪ್ಪನೆಯ ಎಣ್ಣೆಯನ್ನೋ ತೆಳುವಾದ ಗ್ರೀಸನ್ನೋ ಸವರು. ನಳಿಗೆಯೊಳಗೂ ಗ್ರೀಸು ತಾಗಿದ ಚಿಂದಿಯನ್ನು ಒಮ್ಮೆ ಎಳೆ. ಎಣ್ಣೆ ಹಚ್ಚಿದ ಕಾಗದವನ್ನು ಸುತ್ತಿ, ಮೇಲೆ ಸಡಿಲವಾಗಿ ದಾರ ಕಟ್ಟು; ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಒಂದು ಚೀಟಿಯಲ್ಲಿ, ನಳಿಗೆಯೊಳಗೆ ಗ್ರೀಸಿದೆ, ಒರೆಸದೆ ಹೊಡೆಯಕೂಡದು ಎಂದು ದೊಡ್ಡಕ್ಷರದಲ್ಲಿ ಬರೆದು ಟ್ರಿಗರಿನ ಬಳೆಗೆ ಕಟ್ಟು.

ಅಳಿಯ: ಠಾಣೆಯಲ್ಲಿ ಅದನ್ನು ಓದುವವರು ಯಾರು ಮಾವ?

ಮಾವ: ಠಾಣೆಯವರಿಗೆಂದು ಯಾರು ಹೇಳಿದರು? ಎರಡು ತಿಂಗಳಾದ ಮೇಲೆ ಕೋವಿಯನ್ನು ಬಿಚ್ಚುವವನು ನೀನು. ಗ್ರೀಸು ಹಚ್ಚಿದ್ದು ನಿನಗೇ ನೆನಪಿರುವುದಿಲ್ಲ. ಅಂದಹಾಗೆ, ಈ ಕೋವಿಯ ಜೊತೆಗೆ ಬಂದ ಗಜ ಎಲ್ಲಿ?

ಅಳಿಯ: ಅಟ್ಟದ ಮೇಲೆ ಇರಬೇಕು. ಅವರೆಯ ಬಳ್ಳಿಗೆ ಊರುಗೋಲಾಗಿ ನೆಟ್ಟಿದ್ದರೆಂದೂ ಆಳು ಹೇಳುತ್ತಾನೆ.

ಮಾವ: ಹಾಗಾದರೆ ನನ್ನದನ್ನೇ ಒಯ್ಯಿ. ಇದನ್ನು ಹಿತ್ತಲಿಗೆ ಕೊಂಡುಹೋಗಬೇಡ.